ಸಹಿಗಿಂತ ಮೊದಲು ಏಳು ಮಾತು

ಬೆಳಗಿನ ಐದೂಕಾಲು. ಹೊಲಿಗೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ನಲ್ಲಿಯ ಮುಂದೆ ಬಣ್ಣಬಣ್ಣದ ಬಕೆಟ್ಟುಗಳು ಸಾಲು ಹಿಡಿದಿವೆ. ಅವುಗಳ ಯಜಮಾನರು ಮಾತ್ರ ಮನೆಯೊಳಗೆ ಇನ್ನೊಂದು ಹತ್ತು ನಿಮಿಷದ ನಿದ್ದೆ ಕದಿಯುತ್ತಿದ್ದಾರೆ. ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಬುಡದಲ್ಲಿ ನಿಂತ ಹೆಂಗಸೊಬ್ಬರು ಹೆಗಲ ಚೀಲವನ್ನು ಸರಿಮಾಡಿಕೊಂಡು, ಮೇಲಕ್ಕೆ ಮುಖ ಮಾಡಿ, ಅಷ್ಟೇನೂ ಜೋರಲ್ಲದ ದನಿಯಲ್ಲಿ ಹೇಳುತ್ತಾರೆ: “ಸ್ಕೂಲಿಂದ ಬಂದಿದೀನಿ. ಫೀಸಿನ ವಿಷಯ ಅಲ್ಲ, ಕಂಪ್ಲೇಂಟೂ ಅಲ್ಲ.”

ಇಷ್ಟು ಹೇಳದೆ ಮೆಟ್ಟಿಲು ಹತ್ತಿದರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ಶಾಲೆಯವರು ಮನೆ ಬಾಗಿಲಿಗೆ ಬಂದರೆಂದರೆ ಮಕ್ಕಳು ಏನೋ ಕಿತಾಪತಿ ಮಾಡಿದ್ದಾರೆ ಎಂದೇ ಈ ಓಣಿಯ ನಂಬಿಕೆ. ಬಾಗಿಲು ತೆರೆಯುವ ಮೊದಲೇ ಮಗುವಿನ ಬೆನ್ನಿಗೆ ಒಂದು ಬಿದ್ದಿರುತ್ತದೆ, ವಿಚಾರಣೆ ಏನಿದ್ದರೂ ಆಮೇಲೆ. ಹಾಗೆ ಮೂರ್ನಾಲ್ಕು ಮಕ್ಕಳು ತಮ್ಮಿಂದಾಗಿ ಪೆಟ್ಟು ತಿಂದದ್ದನ್ನು ಕಂಡ ಮೇಲೆ ಅವರು ಕೆಳಗಿನಿಂದಲೇ ಕೂಗಿ ಹತ್ತುವುದನ್ನು ರೂಢಿ ಮಾಡಿಕೊಂಡಿದ್ದಾರೆ.

ಇವರು ಇಲ್ಲಿಂದ ಒಂದೂವರೆ ಮೈಲಿ ದೂರದ, ಒಂದರಿಂದ ಹತ್ತನೇ ತರಗತಿವರೆಗಿನ ಶಾಲೆಯ ಅಟೆಂಡರ್. ವಯಸ್ಸು ಐವತ್ತೊಂಬತ್ತು. ಮೂವತ್ತೊಂದು ವರ್ಷದಿಂದ ಶಾಲೆಯ ಗಂಟೆ ಹೊಡೆಯುತ್ತಿರುವುದರಿಂದ ಎಲ್ಲರ ಬಾಯಲ್ಲೂ ಗಂಟೆಯಕ್ಕ. ಮಕ್ಕಳಿಗೂ ಗಂಟೆಯಕ್ಕ, ಆ ಮಕ್ಕಳ ಅಮ್ಮಂದಿರಿಗೂ ಗಂಟೆಯಕ್ಕ, ಹೆಡ್‌ಮೇಡಂ ಸಿಟ್ಟು ಬಂದಾಗ ಕರೆಯುವುದೂ ಗಂಟೆಯಕ್ಕ ಎಂದೇ. ಕಚೇರಿಯ ದಾಖಲೆಯಲ್ಲಿ ಬೇರೆ ಹೆಸರು ಇದೆಯಲ್ಲ ಎಂದರೆ ನಗುತ್ತಾರೆ. “ಆ ಹೆಸರಲ್ಲಿ ಕರೆದ್ರೆ ನಾನೇ ತಿರುಗಿ ನೋಡಲ್ಲ ಬಿಡಿ.”

ಅವರ ಚೀಲದಲ್ಲಿರುವುದು ಒಂದು ಉದ್ದನೆಯ ರಿಜಿಸ್ಟರು, ದಾರ ಕಟ್ಟಿದ ಪೆನ್ನು, ಹೆಬ್ಬೆಟ್ಟಿನವರಿಗಾಗಿ ಶಾಯಿಯ ಡಬ್ಬಿ, ಮತ್ತೆ ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗಿಟ್ಟ ನಾಲ್ಕು ಪುಟದ ಸುತ್ತೋಲೆಯ ಪ್ರತಿಗಳು. ಶಾಲೆಯಲ್ಲಿ ಹೆಣ್ಣು ಗಂಡೆಂಬ ಕಾರಣಕ್ಕೆ ಯಾರಿಗೂ ಭೇದ ಮಾಡಕೂಡದು, ಮಾಡಿದರೆ ಮನೆಯವರು ಯಾರಿಗೆ, ಹೇಗೆ ದೂರು ಕೊಡಬೇಕು ಎಂಬುದರ ನಿಯಮಗಳು ಅದರಲ್ಲಿವೆ. ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಪ್ರತಿ ಮನೆಗೂ ಅದನ್ನು ತಲುಪಿಸಿ ಸಹಿ ಪಡೆಯಬೇಕು. ಓದು ಬರಹದಿಂದಲೇ ಹೊಟ್ಟೆ ಹೊರೆಯುವ ನಾನು ಆ ಕಾಗದವನ್ನು ಓದಲು ಕೂತೆ. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಅದು ಯಾರ ಬಗ್ಗೆ ಶುರುವಾಗಿತ್ತೆಂಬುದೇ ಮರೆತುಹೋಗಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟ ಗಂಟೆಯಕ್ಕ ಈ ನಾಲ್ಕು ಪುಟವನ್ನು ಏಳು ಮಾತಿಗೆ ಇಳಿಸಿದ್ದಾರೆ. ಶಾಲೆಯ ಲೈಬ್ರರಿ ಮೇಡಂ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸಾಲನ್ನು ಬಿಡಿಸಿ ಹೇಳಿದರಂತೆ. ಹದಿನೈದು ದಿನ ಹಿಡಿಯಿತಂತೆ.

ಎರಡನೇ ಮಹಡಿಯ ಮೊದಲ ಬಾಗಿಲು. ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸದ ತಾಯಿಯೊಬ್ಬಳು ಊಟದ ಡಬ್ಬಿ ತುಂಬುತ್ತಿದ್ದಾಳೆ. ಗಂಟೆಯಕ್ಕ ಹೊಸ್ತಿಲ ಹೊರಗೆ ನಿಂತೇ ಶುರು ಮಾಡುತ್ತಾರೆ. ಹುಡುಗಿ ಅಂತಾಗಲಿ ಹುಡುಗ ಅಂತಾಗಲಿ ಯಾವ ಕ್ಲಾಸಿಗೂ, ಯಾವ ಆಟಕ್ಕೂ, ಯಾವ ಕೆಲಸಕ್ಕೂ ನೀನು ಬೇಡ ಅನ್ನುವ ಹಾಗಿಲ್ಲ. ಹಾಗೆ ಅಂದವರು ಮೇಷ್ಟರಾದರೂ ಅಷ್ಟೇ, ಜೊತೆಯ ಮಕ್ಕಳಾದರೂ ಅಷ್ಟೇ. ಕೆಟ್ಟ ಮಾತು, ಕೆಟ್ಟ ನೋಟ, ಮೈ ಮುಟ್ಟುವುದು ಎಲ್ಲ ಇದರಲ್ಲೇ ಬರುತ್ತದೆ. ಹೇಳಬೇಕಾದದ್ದು ಲೈಬ್ರರಿ ಮೇಡಂಗೆ. ಬಾಯಲ್ಲಿ ಹೇಳಿದರೂ ಸಾಕು, ಬರೆದುಕೊಳ್ಳುವುದು ಅವರ ಕೆಲಸ, ಕೊನೆಗೆ ನಿಮ್ಮದೊಂದು ಸಹಿ. ಆದ ದಿನದಿಂದ ತೊಂಬತ್ತು ದಿನದೊಳಗೆ ಹೇಳಬೇಕು. ಹೇಳಿದರೆಂದು ಮಗುವಿನ ಮೇಲೆ ಯಾರೂ ಹಗೆ ಸಾಧಿಸುವಂತಿಲ್ಲ. ಏಳನೆಯದು, ಉತ್ತರವನ್ನು ಶಾಲೆ ಕಾಗದದಲ್ಲೇ ಕೊಡಬೇಕು, ‘ನೋಡೋಣ’ ಅಂದು ಕಳಿಸುವಂತಿಲ್ಲ.

ತಾಯಿ ಡಬ್ಬಿಯ ಮುಚ್ಚಳ ಒತ್ತಿ, ಕೈ ಒರೆಸಿಕೊಂಡು, ಸಹಿ ಎಲ್ಲಿ ಹಾಕಬೇಕೆಂದು ಕೇಳುತ್ತಾಳೆ. ಗಂಟೆಯಕ್ಕ ರಿಜಿಸ್ಟರನ್ನು ಎದೆಗೆ ಅವಚಿಕೊಳ್ಳುತ್ತಾರೆ.

“ಸಹಿ ಎಲ್ಲಿಗೂ ಓಡಿಹೋಗಲ್ಲ. ಈಗ ನೀವು ನನಗೆ ಹೇಳಿ. ನಿಮ್ಮ ಹುಡುಗೀನ ಬೇಡ ಅಂದ್ರು ಅಂತಿಟ್ಕೊಳ್ಳಿ. ಯಾರ ಹತ್ರ ಹೋಗ್ತೀರಿ?”

ಹೆಡ್‌ಮೇಡಂ ಹತ್ತಿರ ಎನ್ನುತ್ತಾಳೆ ತಾಯಿ. ಅಲ್ಲ. ಹಾಗಾದರೆ ಪೊಲೀಸು? ಅಷ್ಟು ದೂರ ಬೇಡ. ಒಳಗೆ ಹೊದಿಕೆಯಡಿಯಿಂದ ಮಗಳೇ ಉತ್ತರ ಪಿಸುಗುಟ್ಟುತ್ತಾಳೆ. ಗಂಟೆಯಕ್ಕ ಅದನ್ನು ಒಪ್ಪುವುದಿಲ್ಲ. ಪರೀಕ್ಷೆ ನಿನಗಲ್ಲ, ನಿಮ್ಮಮ್ಮನಿಗೆ ಎನ್ನುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ‘ವಾಪಸ್ ಹೇಳೋದು’. ಏಳೂ ಮಾತನ್ನು ಮನೆಯವರು ತಮ್ಮ ಬಾಯಲ್ಲಿ ವಾಪಸ್ ಹೇಳುವ ತನಕ ಪೆನ್ನು ಅವರ ಕೈಗೆ ಹೋಗುವುದಿಲ್ಲ. ತಲೆ ಆಡಿಸಿದ್ದು ಲೆಕ್ಕಕ್ಕಿಲ್ಲ. ಈ ಮನೆಯಲ್ಲಿ ಹನ್ನೊಂದು ನಿಮಿಷ ಹಿಡಿಯಿತು.

ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳು ಆರುನೂರ ಹನ್ನೆರಡು. ಶಿಫ್ಟಿನ ವ್ಯಾನು ಏಳಕ್ಕೆ ಬರುವುದರಿಂದ ಅದಕ್ಕಿಂತ ಮೊದಲೇ ಜನ ಸಿಗಬೇಕು. ದಿನಕ್ಕೆ ಒಂಬತ್ತು ಮನೆ, ಮೊಣಕಾಲು ಸಹಕರಿಸಿದರೆ ಹತ್ತು, ಭಾನುವಾರ ಹದಿನೈದು. ಅಲ್ಲಿಗೆ ಹೆಚ್ಚುಕಡಿಮೆ ಅರವತ್ತು ಬೆಳಗು. ಎಂಟೂವರೆಗೆ ಶಾಲೆಗೆ ಹೋಗಿ ಗಂಟೆ ಹೊಡೆಯುವುದಂತೂ ಇದ್ದೇ ಇದೆ. ಈ ಓಡಾಟವನ್ನು ಕಚೇರಿ ಕೆಲಸವೆಂದು ಯಾರೂ ಎಣಿಸುವುದಿಲ್ಲ. ಸಹಿ ಸಂಗ್ರಹ ತಡವಾಯಿತೆಂದು ಮೂರು ವರ್ಷ ಮೂರು ಮೆಮೊ ಮಾತ್ರ ಬಂದಿವೆ. ಅವನ್ನೂ ಅವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನವಾಗಿಟ್ಟಿದ್ದಾರೆ. ನಿವೃತ್ತಿಗೆ ಎಂಟು ತಿಂಗಳಿದೆ, ನಾಲ್ಕನೆಯದಕ್ಕೂ ಜಾಗ ಇದೆ ಎನ್ನುತ್ತಾರೆ.

ಬಾಗಿಲು ಬಾಗಿಲಿಗೂ ಒಂದೊಂದು ರಾಗ. ಲಾರಿ ಓಡಿಸುವ ಒಬ್ಬ ತಂದೆ, ಹಾಗೇನಾದರೂ ಆದರೆ ಮೊದಲು ನನ್ನ ಮಗಳನ್ನೇ ವಿಚಾರಿಸುತ್ತೇನೆ, ಇವಳೇನು ಮಾಡಿದಳೋ ಎಂದಿದ್ದನಂತೆ. ಗಂಟೆಯಕ್ಕ ಆ ಬಾಗಿಲಿಂದ ಕದಲಲಿಲ್ಲ. ಅವನ ಲೋಟದ ಚಹಾ ಆರಿತು, ಹೊಸ ಚಹಾ ಬಂತು, ಅದೂ ಆರಿತು, ಕೊನೆಗೆ ಅವನು ಸರಿಯಾದ ಉತ್ತರಕ್ಕೆ ಬಂದ. ಇನ್ನೊಬ್ಬ ತನಗೆ ಇರುವವರು ಗಂಡು ಮಕ್ಕಳು, ಈ ಪುರಾಣ ತನಗೇಕೆ ಎಂದ. ನಿನ್ನ ಮಗ ಹೊಲಿಗೆ ಕಲಿಯುತ್ತೇನೆಂದು ಹೋದಾಗ ನಕ್ಕು ಓಡಿಸಿದರೆ, ಹುಡುಗನೆಂದು ಇಡೀ ಶಾಲೆಯ ಬೆಂಚುಗಳನ್ನು ಅವನ ಕೈಲೇ ಹೊರಿಸಿದರೆ ಆಗ ಗೊತ್ತಾಗುತ್ತದೆ ಎಂದು ಇವರು ಹೇಳಿದರಂತೆ. ಅವನ ಮಗ ನಿಜಕ್ಕೂ ಬೆಂಚು ಹೊರುತ್ತಿದ್ದ. ಅಂದು ಸಂಜೆಯೇ ಬಂದು ದೂರು ಬರೆಸಿದನಂತೆ.

ಫಲ ಸಿಕ್ಕಿದ್ದುಂಟು. ಮೂರು ವರ್ಷದ ಹಿಂದೆ ಬೆಳಗಿನ ಓಟದ ಅಭ್ಯಾಸ ಹುಡುಗರಿಗೆ ಮಾತ್ರ ಎಂದು ಒಬ್ಬ ಹುಡುಗಿಯನ್ನು ಮೈದಾನದಿಂದ ಕಳಿಸಿಬಿಟ್ಟಾಗ ಅವಳ ತಾಯಿ ಎಂಬತ್ತೆಂಟನೇ ದಿನ ಏದುಸಿರು ಬಿಡುತ್ತಾ ಲೈಬ್ರರಿಗೆ ಬಂದಳು. ತೊಂಬತ್ತರ ಲೆಕ್ಕ ಅವಳ ತಲೆಯಲ್ಲಿ ಕೂತಿತ್ತು. ಆ ಹುಡುಗಿ ಈಗ ಓಡುತ್ತಾಳೆ. ಒಂಬತ್ತನೇ ತರಗತಿಯಿಂದ ಪ್ರತಿ ಮಗುವೂ ಕಲಿಯಬೇಕಾದ ಕಸುಬಿನ ವಿಷಯಗಳಲ್ಲಿ ಎಲೆಕ್ಟ್ರಿಕಲ್‌ಗೆ ಈ ವರ್ಷ ನಾಲ್ವರು ಹುಡುಗಿಯರಿದ್ದಾರೆ. ಹಾಗೆಂದು ಶಾಲೆ ಬದಲಾಗಿಬಿಟ್ಟಿದೆ ಎಂದಲ್ಲ. ಯಾರ ಮನೆಯವರು ಬಂದು ಕೇಳುತ್ತಾರೋ ಅವರಿಗೆ ಸಿಗುತ್ತದೆ, ಕೇಳದವರ ಹುಡುಗಿಯರಿಗೆ ಹೊಲಿಗೆ ಕಾದಿರುತ್ತದೆ.

ನನ್ನದೊಂದು ತಪ್ಪೊಪ್ಪಿಗೆ. ನನ್ನ ಮಗುವಿನ ಶಾಲೆಯಿಂದಲೂ ಇಂಥದ್ದೇ ಕಾಗದ ಪ್ರತಿ ವರ್ಷ ಬರುತ್ತದೆ. ಬೆಳಗಿನ ಗಡಿಬಿಡಿಯಲ್ಲಿ, ಒಂದು ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಗೋಡೆಗೆ ಒತ್ತಿ ಹಿಡಿದು ಸಹಿ ಮಾಡಿ ಕಳಿಸುತ್ತೇನೆ. ಒಂದು ಸಲವೂ ಓದಿಲ್ಲ. ಇದನ್ನು ಹೇಳಿದಾಗ ಗಂಟೆಯಕ್ಕ ನನ್ನನ್ನು ತಮಾಷೆ ಮಾಡುತ್ತಾರೆಂದುಕೊಂಡಿದ್ದೆ. ಅವರು ಮೆಟ್ಟಿಲ ಕಂಬಿ ಹಿಡಿದು ನಿಂತರು. ಆಮೇಲೆ ತಮ್ಮ ತಂಗಿಯ ವಿಷಯ ಹೇಳಿದರು.

ತಂಗಿ ಇವರಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ಇವರೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು. ಇವರು ಶಾಲೆ ಬಿಟ್ಟಿದ್ದೂ ಅದಕ್ಕೇ. ಇವರಿಗೆ ಮಕ್ಕಳಿಲ್ಲ. ತಂಗಿಗೆ ಇಬ್ಬರು ಹೆಣ್ಣು ಮಕ್ಕಳು, ಇಬ್ಬರೂ ಇವರನ್ನು ದೊಡ್ಡಮ್ಮ ಎನ್ನುತ್ತಾರೆ. ದೊಡ್ಡವಳ ಅಡ್ಡಹೆಸರು ಫ್ಯೂಸು. ಏಳು ವರ್ಷದವಳಿದ್ದಾಗ ಇಸ್ತ್ರಿಪೆಟ್ಟಿಗೆಯ ವೈರು ಬಿಚ್ಚಿ ತನಗೆ ತೋಚಿದಂತೆ ಜೋಡಿಸಿ ಇಡೀ ಕಟ್ಟಡದ ಕರೆಂಟು ಹೋಗುವ ಹಾಗೆ ಮಾಡಿದ್ದಳು. ಹತ್ತು ವರ್ಷಕ್ಕೆ ಅಕ್ಕಪಕ್ಕದ ಮನೆಯವರ ಫ್ಯಾನು, ಮಿಕ್ಸಿ ಎಲ್ಲ ಅವಳ ಮುಂದೆಯೇ ಬಂದು ಕೂರುತ್ತಿದ್ದವು. ಒಂಬತ್ತನೇ ತರಗತಿಯಲ್ಲಿ ಎಲೆಕ್ಟ್ರಿಕಲ್ ತೆಗೆದುಕೊಳ್ಳುವುದು, ಆಮೇಲೆ ಡಿಪ್ಲೊಮಾ ಎಂದು ಅವಳು ಎಷ್ಟೋ ಮುಂಚೆಯೇ ತೀರ್ಮಾನಿಸಿಬಿಟ್ಟಿದ್ದಳು.

ಅವಳು ಒಂಬತ್ತಕ್ಕೆ ಬಂದ ವರ್ಷವೇ ಈ ಸುತ್ತೋಲೆಯ ಕಟ್ಟು ಮೊದಲ ಸಲ ಶಾಲೆಗೆ ಬಂತು. ಆಗಿನ ಹೆಡ್‌ಮಾಸ್ಟರು ಕಟ್ಟನ್ನು ಗಂಟೆಯಕ್ಕನ ಕೈಗಿಟ್ಟು, ತಪಾಸಣೆಗೆ ಮೇಲಿನವರು ಬರುತ್ತಾರೆ, ಶನಿವಾರದೊಳಗೆ ಎಲ್ಲ ಮನೆಯ ಸಹಿ ಬೇಕು ಎಂದರು. ಕಾಗದದಲ್ಲಿ ಏನಿದೆಯೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಗೇಟಿನ ಬಳಿ, ಅಂಗಡಿಯ ಮುಂದೆ, ಬಸ್ಸಿನ ಕಿಟಕಿಯಲ್ಲಿ, ಎಲ್ಲಿ ಸಿಕ್ಕಿದರೆ ಅಲ್ಲಿ ಸಹಿ ಹಾಕಿಸಿಕೊಂಡರು. ಎರಡೂವರೆ ದಿನದಲ್ಲಿ ಆರುನೂರ ಹನ್ನೆರಡೂ ಆಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮೂವತ್ತೊಂದು ವರ್ಷದಲ್ಲಿ ಅವರಿಗೆ ಚಪ್ಪಾಳೆ ಸಿಕ್ಕಿದ್ದು ಅದೊಂದೇ ಸಲ.

ತಂಗಿಯ ಸಹಿ ತೆಗೆದುಕೊಂಡದ್ದು ಕಾರ್ಖಾನೆಯ ವ್ಯಾನು ನಿಲ್ಲುವ ಜಾಗದಲ್ಲಿ. ಇಟ್ಟು ಬರೆಯಲು ಏನೂ ಇರಲಿಲ್ಲ. ಅಕ್ಕ ತಿರುಗಿ ನಿಂತು ಬಗ್ಗಿದರು, ತಂಗಿ ಅವರ ಬೆನ್ನ ಮೇಲೆ ರಿಜಿಸ್ಟರಿಟ್ಟು ಸಹಿ ಮಾಡಿದಳು.

“ಏನಕ್ಕಾ ಇದು ಅಂತ ಕೇಳಿದ್ಳು. ಏನಿಲ್ಲ ಬಿಡೇ, ಸ್ಕೂಲಿನ ಕಾಗದ, ಬೇಗ ಹಾಕು, ವ್ಯಾನ್ ಬಂತು ಅಂದೆ. ಕಚಗುಳಿ ಆಗಿ ನಾನು ನಕ್ಕೆ. ಅವಳೂ ನಕ್ಳು.”

ಅದಾದ ಎರಡು ವಾರಕ್ಕೆ ಪಟ್ಟಿ ಅಂಟಿಸಿದರು. ಫ್ಯೂಸಿನ ಹೆಸರು ಹೊಲಿಗೆಯಲ್ಲಿತ್ತು. ಎಲೆಕ್ಟ್ರಿಕಲ್ ಕೋಣೆಯ ಮೇಷ್ಟರು ಏಣಿ ಹತ್ತುವ ಕೆಲಸ ಇದು, ಹುಡುಗಿಯರಿಗಲ್ಲ ಎಂದು ಕಳಿಸಿಬಿಟ್ಟರು. ಅವಳು ದಿನವೂ ಮಧ್ಯಾಹ್ನ ಆ ಕೋಣೆಯ ಬಾಗಿಲ ಹೊರಗೆ ನಿಂತು ಹುಡುಗರು ಬೋರ್ಡಿಗೆ ವೈರು ಜೋಡಿಸುವುದನ್ನು ನೋಡುತ್ತಿದ್ದಳು. ದೊಡ್ಡಮ್ಮ ನೀವಾದರೂ ಹೇಳಿ ನೋಡಿ ಎಂದು ಕೇಳಿದಳು. ಶಾಲೆಯ ರೂಲ್ಸು ಇರಬೇಕು ಎಂದುಕೊಂಡ ಗಂಟೆಯಕ್ಕ ಬರುವ ವರ್ಷ ನೋಡೋಣ ಪುಟ್ಟಾ ಎಂದರು. ಮನೆಯಲ್ಲಿ ತಾಯಿಯೂ ಅದನ್ನೇ ಹೇಳಿದಳು. ಹಾಗೆ ಮಾಡಕೂಡದೆಂದು ಬರೆದ ಕಾಗದ ಅಕ್ಕ ತಂಗಿಯರಿಬ್ಬರ ಕೈಯಲ್ಲೂ ಹಾದುಹೋಗಿದ್ದು ಮೂವರಿಗೂ ತಿಳಿದಿರಲಿಲ್ಲ.

ಐದು ತಿಂಗಳ ಮೇಲೆ ಲೈಬ್ರರಿಗೆ ಹೊಸ ಮೇಡಂ ಬಂದರು. ಬಾಗಿಲಲ್ಲಿ ನಿಂತ ಹುಡುಗಿಯನ್ನು ಕರೆದು ವಿಷಯ ಕೇಳಿದವರು ಅವರೇ. ತಾಯಿ ಒಂದು ದಿನದ ರಜೆ ಹಾಕಿ ಬಂದು ದೂರು ಕೊಟ್ಟಳು. ವಾರದಲ್ಲಿ ಉತ್ತರ ಸಿದ್ಧವಾಯಿತು. ಶಾಲೆಯ ಕಾಗದಗಳನ್ನು ಮನೆಗಳಿಗೆ ಮುಟ್ಟಿಸುವುದು ಗಂಟೆಯಕ್ಕನ ಕೆಲಸವೇ ಆದ್ದರಿಂದ ಅಂಟಿಸಿದ ಲಕೋಟೆಯನ್ನು ಅವರೇ ತಂಗಿಗೆ ತಂದುಕೊಟ್ಟರು. ಒಳ್ಳೆಯ ಸುದ್ದಿಯೇ ಇರುತ್ತದೆಂದು ಕಾಯುತ್ತಾ ಕೂತರು. ಒಳಗಿದ್ದುದು ಎರಡು ಹಾಳೆ. ಒಂದರಲ್ಲಿ, ನಿಯಮಗಳನ್ನು ಓದಿ ಅರ್ಥಮಾಡಿಕೊಂಡಿದ್ದಾಗಿ ತಾಯಿ ಮೊದಲೇ ಸಹಿ ಮಾಡಿದ್ದರೂ ದೂರು ನೂರ ಅರವತ್ತಮೂರನೇ ದಿನ ಬಂದಿರುವುದರಿಂದ ಪರಿಗಣಿಸಲಾಗದು ಎಂದಿತ್ತು. ಇನ್ನೊಂದು ಆ ಸಹಿಯ ಜೆರಾಕ್ಸು. ಬೆನ್ನ ಮೇಲೆ ಬರೆದದ್ದಕ್ಕೆ ಅಕ್ಷರ ಸ್ವಲ್ಪ ಸೊಟ್ಟಗಾಗಿತ್ತು.

“ಅವಳು ಕೂಗಾಡ್ಲಿಲ್ಲ. ಎರಡು ಸಲ ಓದಿದ್ಳು. ಹೋಗಕ್ಕಾ ಅಂತ ಮಾತ್ರ ಅಂದ್ಳು. ನಿಧಾನಕ್ಕೆ ಬಾಗಿಲು ಹಾಕ್ಕೊಂಡ್ಳು.”

ಅದಕ್ಕೆ ಆರು ವರ್ಷವಾಯಿತು. ಫ್ಯೂಸಿಗೆ ಈಗ ಇಪ್ಪತ್ತು. ಶಾಲೆಯಲ್ಲಿ ಎಲೆಕ್ಟ್ರಿಕಲ್ ಓದಿದ ಪ್ರಮಾಣಪತ್ರವಿಲ್ಲದೆ ಡಿಪ್ಲೊಮಾಕ್ಕೆ ಸೇರಿಸಿಕೊಳ್ಳಲಿಲ್ಲ. ಅಮ್ಮನ ಜೊತೆ ಅದೇ ಕಾರ್ಖಾನೆಯಲ್ಲಿ ಸಿದ್ಧ ಉಡುಪಿನ ದಾರ ಕತ್ತರಿಸುತ್ತಾಳೆ. ಹೊಲಿಗೆ ಯಂತ್ರದ ಮೋಟಾರು ನಿಂತರೆ ಮೆಕ್ಯಾನಿಕ್ ಬರುವ ಮೊದಲೇ ಬಿಚ್ಚಿ ಸರಿಮಾಡಿಬಿಡುತ್ತಾಳೆ, ನಿನ್ನ ಕೆಲಸ ನೀನು ನೋಡಿಕೋ ಎಂದು ಸೂಪರ್‌ವೈಸರ್ ಕೈಲಿ ಅನ್ನಿಸಿಕೊಳ್ಳುತ್ತಾಳೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆಂದು ತಿಳಿಯದ ಸಿಟ್ಟು ಅದು, ಅದಕ್ಕೇ ಹೆಚ್ಚು ಸಂಕಟ.

ಆ ವರ್ಷದಿಂದಲೇ ಗಂಟೆಯಕ್ಕನ ಮನೆ ಮನೆ ತಿರುಗಾಟ ಶುರುವಾಗಿದ್ದು. ತಂಗಿಯ ಮನೆಯ ಬಾಗಿಲು ಮಾತ್ರ ತೆರೆಯುವುದಿಲ್ಲ. ಚಿಕ್ಕ ಮಗಳು ಅದೇ ಶಾಲೆಯಲ್ಲಿ ಓದುವುದರಿಂದ ಪ್ರತಿ ವರ್ಷ ಆ ಮನೆಯ ಸಹಿಯೂ ಬೇಕು. ಚಿಕ್ಕವಳೇ ಕಾಗದ ಒಯ್ದು ಸಹಿ ಹಾಕಿಸಿ ತಂದುಕೊಡುತ್ತಾಳೆ. ರಿಜಿಸ್ಟರಿನಲ್ಲಿ ಆ ಸಾಲಿನ ಪಕ್ಕ ಗಂಟೆಯಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟಿರುತ್ತಾರೆ. ಕಚೇರಿಗೆ ಅದು ಮುಗಿದ ಮನೆ. ಇವರ ಮಟ್ಟಿಗೆ ಪ್ರತಿ ವರ್ಷವೂ ಆರುನೂರ ಹನ್ನೊಂದೇ ಮುಗಿಯುವುದು.

ಈ ವರ್ಷ ಚಿಕ್ಕವಳು ಒಂಬತ್ತನೇ ತರಗತಿ. ಅವಳು ಫಾರಂನಲ್ಲಿ ಬರೆದದ್ದು ಮರಗೆಲಸ. ಪಟ್ಟಿ ಅಂಟಿಸಿ ಇವತ್ತಿಗೆ ಹನ್ನೊಂದು ದಿನ, ಅವಳ ಹೆಸರಿರುವುದು ಹೊಲಿಗೆಯಲ್ಲಿ. ದೂರು ಲೈಬ್ರರಿ ಮೇಡಂ ಬರೆದುಕೊಳ್ಳಲು ತಯಾರಿದ್ದಾರೆ, ಆದರೆ ಹೆತ್ತವರು ಬಂದು ಹೇಳಬೇಕು. ಚಿಕ್ಕವಳು ಮನೆಯಲ್ಲಿ ಕೇಳಿದ್ದಕ್ಕೆ, ಒಬ್ಬಳ ವಿಷಯದಲ್ಲಿ ಆಗಿದ್ದು ಸಾಕು, ಆ ಕಾಗದಗಳ ಸಹವಾಸ ಮತ್ತೆ ಬೇಡ ಎಂದಳಂತೆ ಅಮ್ಮ. ಗಂಟೆಯಕ್ಕನಿಗೆ ಇದು ಕೊನೆಯ ವರ್ಷ. ಬರುವ ವರ್ಷ ಬಾಗಿಲು ತಟ್ಟಲು ಅವರ ಚೀಲದಲ್ಲಿ ಸುತ್ತೋಲೆ ಇರುವುದಿಲ್ಲ.

ಆರೂಮುಕ್ಕಾಲಿಗೆ ನಾವು ಆ ಮನೆಯ ಮುಂದೆ ನಿಂತಿದ್ದೇವೆ. ಮೂರನೇ ಮಹಡಿ, ಕೊನೆಯ ಕೋಣೆ, ಬಾಗಿಲ ಪಕ್ಕ ಒಗೆದು ಒಣಹಾಕಿದ ಎರಡು ಕಾರ್ಖಾನೆಯ ಏಪ್ರನ್ನು. ಗಂಟೆಯಕ್ಕ ಎಲ್ಲ ಮನೆಗಳ ಮುಂದೆ ಹೇಳುವ ಮಾತನ್ನು ಇಲ್ಲಿ ಹೇಳುವುದಿಲ್ಲ. ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುತ್ತಾರೆ. ಚಿಲಕ ಸರಿದ ಸದ್ದಾಗುತ್ತದೆ. ಬಾಗಿಲು ತೆರೆದವಳು ಫ್ಯೂಸು.

ಎತ್ತರದ ಹುಡುಗಿ. ಬೆರಳ ತುದಿಗಳಿಗೆ ಕತ್ತರಿಯ ಗಾಯದ ಬ್ಯಾಂಡೇಜು. ಒಳಗೆ ಒಲೆಯ ಕಡೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ಅವಳ ಅಮ್ಮ ಪಾತ್ರೆ ತೊಳೆಯುತ್ತಿದ್ದಾಳೆ. ತಿರುಗಿ ನೋಡುವುದಿಲ್ಲ. ಯೂನಿಫಾರಂ ಹಾಕಿಕೊಂಡ ಚಿಕ್ಕವಳು ಗೋಡೆಗೆ ಅಂಟಿ ನಿಂತಿದ್ದಾಳೆ. ದೊಡ್ಡವಳು ಬಾಗಿಲಿನ ಎರಡೂ ರೆಕ್ಕೆಯನ್ನು ಪೂರ್ತಿ ತೆರೆದು ಹೇಳುತ್ತಾಳೆ: “ಹೇಳಿ ದೊಡ್ಡಮ್ಮ. ಇಲ್ಲಿಂದ ಹೇಳಿದ್ರೆ ಒಳಗೆ ಕೇಳುತ್ತೆ.”

ಗಂಟೆಯಕ್ಕ ಶುರು ಮಾಡುತ್ತಾರೆ. ಮೊದಲನೆಯದು, ಎರಡನೆಯದು, ಮೂರನೆಯದು. ಅದೇ ಬೆಳಿಗ್ಗೆ ಎಂಟು ಮನೆಗಳಲ್ಲಿ ನೀರು ಕುಡಿದ ಹಾಗೆ ಹೇಳಿ ಬಂದ ಮಾತುಗಳು. ನಾಲ್ಕನೆಯದರ ಕೊನೆಗೆ ದನಿ ಸಣ್ಣದಾಗುತ್ತದೆ. ಐದನೆಯದಕ್ಕೆ ಬಾಯಿ ತೆರೆಯುತ್ತಾರೆ, ಮಾತು ಹೊರಡುವುದಿಲ್ಲ. ಮತ್ತೆ ನಾಲ್ಕನೆಯದನ್ನು ಹೇಳಿ ಅಲ್ಲಿಗೇ ಬಂದು ನಿಲ್ಲುತ್ತಾರೆ. ಆರು ವರ್ಷದಲ್ಲಿ ಸಾವಿರಾರು ಸಲ ಹೇಳಿದ ಹೆಂಗಸು ಹೊಸ್ತಿಲ ಆಚೆ ಪಾಠ ಮರೆತ ಮಗುವಿನಂತೆ ನಿಂತುಬಿಟ್ಟಿದ್ದಾರೆ. ನಾನು ಹೇಳಿಕೊಡಲೆಂದು ಬಾಯಿ ತೆರೆದೆ. ನನಗಿಂತ ಮೊದಲು ಹೇಳಿದವಳು ಫ್ಯೂಸು.

“ತೊಂಬತ್ತು ದಿನ, ದೊಡ್ಡಮ್ಮ.”

ಅವಳ ದನಿಯಲ್ಲಿ ಕುಟುಕು ಇರಲಿಲ್ಲ. ಅದಿದ್ದಿದ್ದರೆ ಕೇಳುವುದು ಸುಲಭವಿತ್ತು. ಉಳಿದ ಎರಡು ಮಾತನ್ನೂ ಅವಳೇ ಹೇಳಿದಳು, ಒಂದಕ್ಷರ ತಪ್ಪಿಲ್ಲದೆ. ಯಾವ ಮನೆಯ ಬಾಗಿಲಲ್ಲಿ ಎಷ್ಟು ಸಲ ನಿಂತು ಕೇಳಿಸಿಕೊಂಡಿದ್ದಳೋ ಗೊತ್ತಿಲ್ಲ. ಒಳಗೆ ಪಾತ್ರೆಗಳ ಸದ್ದು ನಿಂತಿತು. ತಾಯಿ ತಿರುಗದೆ, ಗೋಡೆಯ ಕಡೆಗೇ ನೋಡುತ್ತಾ ಮಾತಾಡಿದಳು.

“ಇವತ್ತಿಗೆ ಎಷ್ಟನೇ ದಿನ ಅಂತ ಅವರನ್ನ ಕೇಳು.”

ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನಿಗೆ ಅವರು ಎಂಬ ಮರ್ಯಾದೆ. ಗಂಟೆಯಕ್ಕ ಅದನ್ನೂ ತೆಗೆದುಕೊಂಡರು. ಹನ್ನೊಂದು, ಇನ್ನು ಎಪ್ಪತ್ತೊಂಬತ್ತು ಇದೆ ಎಂದು ಹೇಳಿದರು. ಮೇಡಂ ಮಧ್ಯಾಹ್ನದ ಊಟದ ಹೊತ್ತಲ್ಲೂ ಇರುತ್ತಾರೆ, ರಜೆ ಹಾಕುವುದು ಬೇಡ ಎಂದೂ ಸೇರಿಸಿದರು. ತಾಯಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ಅಕ್ಕನ ಮುಖ ನೋಡಲಿಲ್ಲ. ಸುತ್ತೋಲೆಯ ನಾಲ್ಕು ಪುಟವನ್ನು ಅಕ್ಕನ ಕೈಯಿಂದ ತೆಗೆದುಕೊಂಡಳು. ಗಂಟೆಯಕ್ಕ ರಿಜಿಸ್ಟರನ್ನು ಚಾಚಲಿಲ್ಲ. ಅವಳು ಮೊದಲ ಹಾಳೆಯನ್ನು ಅಲ್ಲೇ ನಿಂತು ಓದತೊಡಗಿದಳು, ಬೆರಳಿಟ್ಟು, ತುಟಿ ಆಡಿಸುತ್ತಾ. ಓದುತ್ತಲೇ ಒಳಗೆ ಹೋದಳು. ಚಿಕ್ಕವಳು ದೊಡ್ಡಮ್ಮನ ಕೈಯನ್ನು ಒಂದು ಸಲ ಅದುಮಿ ಬಾಗಿಲು ಹಾಕಿಕೊಂಡಳು.

ಕೆಳಗೆ ವ್ಯಾನಿನ ಹಾರ್ನ್ ಕೇಳುತ್ತದೆ. ಗಂಟೆಯಕ್ಕ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಮೊಣಕಾಲು ನೋವೇ ಎಂದರೆ ಅಲ್ಲವೆನ್ನುತ್ತಾರೆ. ಅಳುತ್ತಿಲ್ಲ, ಆದರೆ ಅಳುವವರಿಗಿಂತ ಕಷ್ಟದಲ್ಲಿ ಉಸಿರಾಡುತ್ತಿದ್ದಾರೆ. ಚೀಲವನ್ನು ತೊಡೆಯ ಮೇಲೆಳೆದುಕೊಂಡು, ತಂಗಿಗೆ ಗೊತ್ತಿಲ್ಲದ ಒಂದು ವಿಷಯವಿದೆ ಎನ್ನುತ್ತಾರೆ.

ಆ ಲಕೋಟೆ ಕೊಟ್ಟ ಮಾರನೇ ದಿನ ಅವರು ಹೆಡ್‌ಮಾಸ್ಟರ ಕೋಣೆಗೆ ಹೋಗಿದ್ದರು. ನಾನು ಅವಳಿಗೆ ಓದಿ ಹೇಳಿಲ್ಲ, ಅವಳೂ ಓದಿಲ್ಲ, ಆ ಸಹಿ ಸುಳ್ಳು ಎಂದರು. ಹೆಡ್‌ಮಾಸ್ಟರು ಒಂದು ಬಿಳಿ ಹಾಳೆಯನ್ನು ಮುಂದೆ ತಳ್ಳಿ, ಹಾಗಾದರೆ ಆರುನೂರ ಹನ್ನೆರಡೂ ಸುಳ್ಳು ಎಂದು ಬರೆದುಕೊಡಿ, ಆಮೇಲೆ ನಿಮ್ಮ ಕೆಲಸದ ವಿಷಯ ನೋಡೋಣ ಎಂದರು. ಬರೆದುಕೊಟ್ಟಿದ್ದರೆ ಫ್ಯೂಸಿನ ದೂರನ್ನು ಮತ್ತೆ ತೆಗೆಯಬೇಕಾಗುತ್ತಿತ್ತು ಎಂದು ಲೈಬ್ರರಿ ಮೇಡಂ ನಂತರ ಹೇಳಿದ್ದಾರೆ.

“ಪೆನ್ನು ತಗೊಂಡಿದ್ದೆ. ಅರ್ಧ ಸಾಲು ಬರೆದೂ ಇದ್ದೆ. ಆಮೇಲೆ ಹಾಳೆ ಮಡಚಿ ಚೀಲದಲ್ಲಿಟ್ಕೊಂಡು ಆಚೆ ಬಂದು ಗಂಟೆ ಹೊಡೆದೆ. ಟೈಮ್ ಆಗಿತ್ತು.”

ಇದನ್ನು ಬರೆಯಬೇಕೇ ಎಂದು ಕೇಳುತ್ತೇನೆ. ಈ ಲೇಖನಕ್ಕೆ ಎರಡು ಸಲ ಬೇಡವೆಂದು ಹೇಳಿ, ಕಳೆದ ವಾರ ತಾವಾಗಿಯೇ ಫೋನು ಮಾಡಿ ಬನ್ನಿ ಎಂದವರು ಅವರು. ಬರೆಯಲೆಂದೇ ಕರೆಸಿದ್ದು ಎನ್ನುತ್ತಾರೆ ಈಗ. ತಂಗಿಯ ಮನೆಗೆ ಭಾನುವಾರ ನಮ್ಮ ಪೇಪರು ಬರುತ್ತದಂತೆ, ಅವಳು ಒಂದಕ್ಷರ ಬಿಡದೆ ಓದುತ್ತಾಳಂತೆ. ಓದಿದ ಮೇಲೆ ಆ ಬಾಗಿಲು ಇನ್ನೆಂದೂ ತೆರೆಯದಿದ್ದರೆ ಎಂದು ನಾನು ಕೇಳುವ ಮೊದಲೇ ಅವರು ಎದ್ದು ಚೀಲ ಹೆಗಲಿಗೇರಿಸಿಕೊಳ್ಳುತ್ತಾರೆ. ಬಾಕಿ ಉಳಿದ ಒಂದು ಮನೆಗೆ ಇವತ್ತು ಹೊತ್ತಾಯಿತು, ಅದು ನಾಳೆಗೆ.

“ಚಿಕ್ಕವಳ ದೂರಿಗೆ ಎಪ್ಪತ್ತೊಂಬತ್ತು ದಿನ ಇದೆ, ಅದನ್ನ ನನ್ನ ತಂಗಿ ಕೊಡ್ತಾಳೆ, ನನಗೆ ಗೊತ್ತು. ನನ್ನ ಮೇಲೂ ಅವಳದ್ದೊಂದು ದೂರು ಇದೆಯಲ್ಲ,” ಎನ್ನುತ್ತಾ ಮೆಟ್ಟಿಲಿಳಿಯುತ್ತಾರೆ ಗಂಟೆಯಕ್ಕ. “ಅದಕ್ಕೆ ದಿನದ ಲೆಕ್ಕ ಇಲ್ಲ. ಯಾವತ್ತು ತಂದ್ರೂ ನಾನು ತಗೋತೀನಿ.”